ಕಟ್ಟದಲ್ಲಿ ನನ್ನ ಪಾಲು

ಸೇತುವೆಯ ಅಡಿಪಾಯದ ಮೊದಲ ಗುಂಡಿಯಲ್ಲಿ ಗಟ್ಟಿ ಪಾರೆಕಲ್ಲು ಸಿಕ್ಕಿ, ಇನ್ನು ಹೆದರಿಕೆಯಿಲ್ಲ ಎಂದು ನಾನು ಬೀಡಿ ಹೊತ್ತಿಸಿದ್ದ ಬೆಳಿಗ್ಗೆ, ಹೊಳೆಯ ಕೆಳಬದಿಯಿಂದ ಗೂಟ ಹೊಡೆಯುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಊರಿನ ಹತ್ತಾರು ಜನ ಮೊಣಕಾಲು ನೀರಿನಲ್ಲಿ ನಿಂತು ಹೊಳೆಗೆ ಅಡ್ಡಲಾಗಿ ಎರಡು ಸಾಲು ಗೂಟ ಇಳಿಸುತ್ತಿದ್ದರು. ದಂಡೆಯ ಮೇಲೆ ಸೊಪ್ಪಿನ ಹೊರೆ, ಜೇಡಿಮಣ್ಣಿನ ರಾಶಿ.

"ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ?" ಎಂದು ಕೇಳಿದೆ.

"ಕಟ್ಟ ಹಾಕ್ತಾ ಇದ್ದೇವೆ. ಸುಗ್ಗಿಗೆ ನೀರು ಬೇಡವಾ?" ಎಂದ ಒಬ್ಬ, ಇದೆಂಥ ಪ್ರಶ್ನೆ ಎಂಬಂತೆ ನನ್ನನ್ನು ನೋಡಿ. ಆ ಊರಿನ ಮಾತೆಲ್ಲ ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಟ್ಟವೆಂದರೆ ಮಳೆಗಾಲ ಕಳೆದು ಹೊಳೆ ಸಣ್ಣದಾದ ಮೇಲೆ ಊರವರು ಸೇರಿ ಹಾಕುವ ಮಣ್ಣಿನ ಒಡ್ಡು. ನೀರು ಅದರ ಹಿಂದೆ ನಿಂತು, ಬದಿಯ ಕಣಿಯಲ್ಲಿ, ಅಂದರೆ ಸಣ್ಣ ಕಾಲುವೆಯಲ್ಲಿ ಹರಿದು, ಬಯಲಿನ ಎರಡನೆಯ ಬೆಳೆಯಾದ ಸುಗ್ಗಿಗೆ ಹೋಗುತ್ತದೆ. ಮುಂದಿನ ಮಳೆಗಾಲದ ನೆರೆ ಬಂದು ಅದನ್ನು ಕಿತ್ತೊಯ್ಯುತ್ತದೆ. ಈ ಕಟ್ಟ ಎದ್ದರೆ ನೀರು ಹಿಂದಕ್ಕೇರಿ ನನ್ನ ಸೇತುವೆಯ ಗುಂಡಿಗಳ ಮೇಲೆ ಎದೆಮಟ್ಟ ನಿಲ್ಲುತ್ತಿತ್ತು. ಅದರೊಳಗೆ ಅಡಿಪಾಯ ಹಾಕುವುದು ಆಗುವ ಮಾತಲ್ಲ.

ಅದು ಮೂಡುಬಿದಿರೆಯಿಂದ ಬೆಳ್ತಂಗಡಿ ತಾಲೂಕಿನ ಕಡೆಗೆ ಹೋಗುವ ರಸ್ತೆಯ ಒಂದು ಹೊಳೆ. ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಶಾಲೆ ಕಟ್ಟಡ, ಬಾವಿ, ಮೋರಿ ಎಂದು ಚಿಲ್ಲರೆ ಕೆಲಸ ಮಾಡಿಕೊಂಡಿದ್ದ ನನಗೆ ಅದೇ ಮೊದಲ ಸೇತುವೆ. ಠೇವಣಿ ಇಡಲು ನನ್ನಲ್ಲಿ ಗತಿಯಿರಲಿಲ್ಲ. ಬೆಳುವಾಯಿಯಲ್ಲಿದ್ದ ನನ್ನ ಅಕ್ಕ, ಗಂಡ ತೀರಿಕೊಂಡ ಮೇಲೆ ಒಂದೇ ಗದ್ದೆಯನ್ನು ನಂಬಿ ಮಕ್ಕಳನ್ನು ಸಾಕುತ್ತಿದ್ದವಳು, ಆ ಗದ್ದೆಯನ್ನು ಸಾಲದ ಸೊಸೈಟಿಗೆ ಅಡವಿಡಲು ಒಪ್ಪಿ ಹೆಬ್ಬೆಟ್ಟು ಒತ್ತಿದಳು. "ನೀನು ಮಾಡ್ತಿ, ನನಗೆ ಗೊತ್ತುಂಟು" ಎಂದಳು, ಅಷ್ಟೇ. ಮಳೆಗಾಲಕ್ಕೆ ಮೊದಲು ಸೇತುವೆ ಮುಗಿಯದಿದ್ದರೆ ಠೇವಣಿ ಮುಟ್ಟುಗೋಲು, ಅದರ ಹಿಂದೆಯೇ ಅಕ್ಕನ ಗದ್ದೆ.

ಕಟ್ಟದ ವಿಷಯ ಯಾರಿಗೂ ಮೊದಲೇ ತಿಳಿಯಲಿಲ್ಲವೇ ಎಂದು ಈಗಲೂ ಕೇಳುವವರುಂಟು. ಅಳತೆಗೆಂದು ಓವರ್ಸಿಯರು ಬಂದದ್ದು, ಟೆಂಡರಿಗೆ ಮೊದಲು ನಾನು ಜಾಗ ನೋಡಿದ್ದು, ಎರಡೂ ಮಳೆ ನಿಂತ ಹೊಸತರಲ್ಲಿ. ಆಗ ಹಳೆಯ ಕಟ್ಟ ಕೊಚ್ಚಿಹೋಗಿರುತ್ತದೆ, ಹೊಸತು ಎದ್ದಿರುವುದಿಲ್ಲ, ಹೊಳೆ ಸ್ವಚ್ಛ. ಊರವರನ್ನು ಕೇಳಿದರೆ, "ನೀವು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ಸುಗ್ಗಿ ಬೆಳೆಯುವ ಊರಲ್ಲಿ ಕಟ್ಟ ಇಲ್ಲದೆ ಇರ್ತದಾ?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಬೆಳುವಾಯಿಯ ಬಯಲಿಗೂ ಬರುವುದು ಕಟ್ಟದ ನೀರೇ. ಮನೆಯಲ್ಲಿ ಒಲೆ ಉಂಟಾ ಎಂದು ಯಾರೂ ಕೇಳುವುದಿಲ್ಲವಷ್ಟೆ.

ಅವತ್ತು ಮಾತ್ರ ನನಗೆ ಇಷ್ಟೆಲ್ಲ ಸಮಾಧಾನವಿರಲಿಲ್ಲ. ಸಿಟ್ಟು ಮೊದಲಿಂದಲೂ ನನ್ನ ಮೂಗಿನ ತುದಿಯಲ್ಲೇ. "ಸರಕಾರದ ಕೆಲಸಕ್ಕೆ ಅಡ್ಡ ಬರ್ತೀರಾ?" ಎಂದು ಕೂಗಾಡಿದೆ. ಅವರು ಗೂಟ ಹೊಡೆಯುವುದನ್ನು ನಿಲ್ಲಿಸಿ ಶಾಂತವಾಗಿ ಕೇಳಿಸಿಕೊಂಡರು. ನನ್ನ ಕೂಗು ಮುಗಿದ ಮೇಲೆ ಒಬ್ಬ, "ಗುತ್ತಿನ ಅಮ್ಮನಲ್ಲಿ ಮಾತಾಡಿ. ಮಣ್ಣು ಹಾಕ್ಲಿಕ್ಕೆ ಇನ್ನೂ ಕೆಲವು ದಿನ ಉಂಟು" ಎಂದ. ಗುತ್ತೆಂದರೆ ಆ ಬಯಲಿನ ದೊಡ್ಡ ಮನೆ. ಅಮ್ಮ ಅದರ ಯಜಮಾನ್ತಿ.

ನಾನು ಹೋದದ್ದು ಅಲ್ಲಿಗಲ್ಲ, ಬೆಳ್ತಂಗಡಿಗೆ, ಓವರ್ಸಿಯರ ಹತ್ತಿರ. ಅವರು ಒಳ್ಳೆಯ ಮನುಷ್ಯನೇ, ಆದರೆ ಪೆನ್ಷನ್ನು ಹತ್ತಿರ ಬಂದಿತ್ತು. ಕರಾರುಪತ್ರ ತೆಗೆದು ಎರಡು ಕಲಮು ತೋರಿಸಿದರು. ನೀರು, ಮಣ್ಣು, ಬಂಡೆ, ಏನೇ ಅಡ್ಡಿ ಬಂದರೂ ಅದರ ಕಷ್ಟನಷ್ಟ ಕಂಟ್ರಾಕ್ಟರನದು. ಕೆಲಸದಿಂದ ಹೊರಗಿನವರಿಗೆ ಹಾನಿಯಾದರೆ ತುಂಬಿಕೊಡಬೇಕಾದವನೂ ಅವನೇ, ಸರಕಾರದ ಮೈಗೆ ಅದು ತಾಗಕೂಡದು.

"ಅಂದರೆ ಕಟ್ಟ ನಿಂತರೆ ನಾನು ಹೋದೆ. ಕಟ್ಟ ತೆಗೆಸಿದರೆ ಅವರ ಬೆಳೆಗೆ ನಾನು ತುಂಬಿಕೊಟ್ಟು ಹೋದೆ. ಅಷ್ಟೇ ಅಲ್ವಾ?"

"ಎಂತ ಮಾಡುದು ಮಾರಾಯ್ರೆ. ತಹಶೀಲ್ದಾರರಿಗೆ ಒಂದು ಅರ್ಜಿ ಕೊಡಿ. ಸಾರ್ವಜನಿಕ ಕೆಲಸ ಅಂತ ಈ ವರ್ಷ ಕಟ್ಟ ನಿಲ್ಲಿಸ್ತಾರೆ. ಬೇಕಾದ್ರೆ ಪೋಲೀಸರೂ ಬರ್ತಾರೆ. ಬೆಳೆಯ ವಿಷಯ ಆಮೇಲೆ ನೋಡುವ."

ಅರ್ಜಿಯನ್ನು ಅವರೇ ಬರೆದುಕೊಟ್ಟರು. ನಾನು ಅದನ್ನು ಜೇಬಿಗಿಟ್ಟು ಬಸ್ಸು ಹತ್ತಿದೆ. ಸಹಿ ಹಾಕುವ ಮೊದಲು ಬಂಟ್ವಾಳದ ವಕೀಲರಿಗೊಮ್ಮೆ ತೋರಿಸುವ ಎನಿಸಿತು. ಅವರು ನನ್ನ ಸೋದರಮಾವನ ಕಾಲದಿಂದ ನಮ್ಮ ಮನೆಯ ಕಾಗದಪತ್ರ ನೋಡುತ್ತಿದ್ದವರು, ನೇತ್ರಾವತಿಯ ನೆರೆ ಅಂಗಳದವರೆಗೆ ಬರುವ ಮನೆಯ ಚಾವಡಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರು.

ವಕೀಲರು ಕರಾರನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಇದನ್ನು ಬರೆದವನು ಹುಷಾರಿ. ನೀವು ಓಡುವ ಬಾಗಿಲೆಲ್ಲ ಮುಚ್ಚಿದ್ದಾನೆ. ಆದರೆ ಒಂದು ವಿಷಯ ಉಂಟು. ನೀರಿನ ಅಡ್ಡಿ ಅಂದರೆ ಹೊಳೆಯ ನೀರು. ಕಟ್ಟ ಹೊಳೆಯಲ್ಲ, ಊರವರ ಹಕ್ಕು. ಕೆಲಸ ಮಾಡ್ಲಿಕ್ಕಾಗುವಂಥ ಜಾಗ ಕೊಡುದು ಇಲಾಖೆಯ ಜವಾಬ್ದಾರಿ. ಹಾಗಂತ ನಾನು ವಾದ ಮಾಡಬಹುದು."

"ಹಾಗಾದ್ರೆ ಗೆಲ್ತೇವಾ?"

"ಗೆಲ್ಲಬಹುದು. ಅಷ್ಟರಲ್ಲಿ ಸೊಸೈಟಿಯವರು ನಿಮ್ಮ ಅಕ್ಕನ ಗದ್ದೆ ಹರಾಜು ಹಾಕಿ ಆಗಿರ್ತದೆ." ಅವರು ಅರ್ಜಿಯನ್ನು ನನ್ನ ಕಡೆ ತಳ್ಳಿದರು. "ಇದಕ್ಕೆ ಸಹಿ ಹಾಕಬೇಡಿ. ಹಾಕಿದರೆ ಕಟ್ಟ ನಿಲ್ಲಿಸಿದವರು ನೀವೇ ಅಂತ ಆಗ್ತದೆ, ಬೆಳೆಯ ಹೊಣೆ ನೇರ ನಿಮ್ಮ ತಲೆಗೆ. ಬದಲಿಗೆ ಇವತ್ತೇ ಎಂಜಿನಿಯರಿಗೆ ಬರೆಯಿರಿ, ಹೀಗೆ ಒಂದು ಕಟ್ಟ ಉಂಟು, ಬಂದು ನೋಡಿ ಅಂತ. ನೀರು ತುಂಬಿದ ಮೇಲೆ ಬರೆದರೆ ಅದನ್ನು ನೆಪ ಅಂತಾರೆ. ಈಗ ಬರೆದರೆ ಸೂಚನೆ. ಮತ್ತೆ ಊರವರ ಜೊತೆ ಮಾತಾಡಿ. ನೀವು ಇನ್ನೂ ಮಾತಾಡ್ಲಿಲ್ಲ, ಜಗಳ ಮಾತ್ರ ಮಾಡಿದ್ದು."

ಅದನ್ನು ಅವರಿಗೆ ಯಾರು ಹೇಳಿದರೋ, ನನ್ನ ಮುಖವೇ ಹೇಳಿತೋ. ಫೀಸು ಕೇಳಿದರೆ, ಸೇತುವೆಯಾದ ಮೇಲೆ ನನ್ನನ್ನು ಅದರ ಮೇಲೆ ನಡೆಸಿಕೊಂಡು ಹೋಗಿ ಎಂದರು. ಅರ್ಜಿ ಅವರ ಮೇಜಿನಲ್ಲೇ ಉಳಿಯಿತು. ಅವತ್ತು ಅವರು ತಡೆಯದಿದ್ದರೆ ನಾನು ಪೋಲೀಸರ ಜೊತೆ ಆ ಊರಿಗೆ ಕಾಲಿಡುತ್ತಿದ್ದೆ, ಮತ್ತೆ ಯಾವ ಮುಖ ಹೊತ್ತು ಅಲ್ಲಿ ಕೆಲಸ ಮಾಡುತ್ತಿದ್ದೆನೋ ದೇವರೇ ಬಲ್ಲ.

ಎಂಜಿನಿಯರಿಗೆ ಕಾಗದ ಹಾಕಿ ಮರುದಿನ ಗುತ್ತಿನ ಮನೆಗೆ ಹೋದೆ. ಹೋಗುವ ಮೊದಲು ಹೊಳೆಯನ್ನು ಮೇಲೆ ಕೆಳಗೆ ನಡೆದು ನೋಡಿದೆ. ಸೇತುವೆಯ ಜಾಗದಿಂದ ಸ್ವಲ್ಪ ಮೇಲೆ ಎರಡೂ ದಂಡೆ ಎತ್ತರವಾಗಿ ಹತ್ತಿರ ಬಂದಿದ್ದವು. ಕಟ್ಟವನ್ನು ಕೆಳಗೆ ಹಾಕುವ ಬದಲು ಅಲ್ಲಿ ಹಾಕಿದರೆ ನೀರು ಅದರ ಹಿಂದೆ ನಿಲ್ಲುತ್ತದೆ, ನನ್ನ ಗುಂಡಿ ಒಣಗುತ್ತದೆ. ಅಲ್ಲಿಂದ ಹಳೆಯ ಕಣಿಯ ಬಾಯಿಯವರೆಗೆ ದಂಡೆಯ ಮೇಲೊಂದು ಹೊಸ ಕಣಿ ತೆಗೆದರೆ ಅವರ ನೀರೂ ತಪ್ಪುವುದಿಲ್ಲ. ಹೊಳೆಯಲ್ಲಿ ನಿಂತು ನಾನೊಬ್ಬನೇ ನಕ್ಕೆ.

ಅಮ್ಮ ಚಾವಡಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಬಿಳಿ ಕೂದಲು, ಗಟ್ಟಿ ಸ್ವರ. ಪೂರ್ತಿ ಕೇಳಿಸಿಕೊಂಡು, "ಹೊಸ ಜಾಗ. ಅಡಿಯಲ್ಲಿ ಮರಳು ಎಷ್ಟುಂಟು ಯಾರಿಗೂ ಗೊತ್ತಿಲ್ಲ. ನೀರು ನಿಲ್ಲದಿದ್ರೆ?" ಎಂದರು.

"ನಾನು ಹೊಣೆ ಅಮ್ಮ. ಬೆಳೆ ಹೋದರೆ ತುಂಬಿಕೊಡ್ತೇನೆ. ಬೇಕಾದ್ರೆ ಬರೆದು ಕೊಡ್ತೇನೆ."

"ಎಲ್ಲಿಂದ ತುಂಬಿಕೊಡುದು? ನಿಮ್ಮಲ್ಲಿ ಎಂತ ಉಂಟು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಕ್ಕನ ಗದ್ದೆಯ ಕಥೆ ಹೇಳಿದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಚಿದರು.

"ಅಂದ್ರೆ ನಿಮ್ಮಲ್ಲಿ ಏನೂ ಇಲ್ಲ. ಸರಕಾರ ಬರೆಸಿಕೊಂಡದ್ದೂ ಹಾಗೇ, ನಾನು ಬರೆಸಿಕೊಂಡ್ರೂ ಹಾಗೇ. ಏನೂ ಇಲ್ಲದವರ ಹತ್ತಿರ ಹೊಣೆ ಬರೆಸಿ ಎಂತ ಮಾಡುದು? ಉಪ್ಪಿನಕಾಯಿ ಹಾಕ್ಲಿಕ್ಕಾ?" ಎಂದು ನಕ್ಕರು. ಆಮೇಲೆ ಕಟ್ಟದ ಕ್ರಮ ಹೇಳಿದರು. ಆ ಬಯಲಿನಲ್ಲಿ ಗದ್ದೆಯಿರುವ ಪ್ರತಿ ಮನೆಗೂ ಕಟ್ಟದಲ್ಲಿ ಒಂದು ಪಾಲು ಉಂಟು. ದೊಡ್ಡ ಗದ್ದೆಗೆ ದೊಡ್ಡ ಪಾಲು, ಸಣ್ಣದಕ್ಕೆ ಸಣ್ಣದು. ಯಾವ ಗೂಟದಿಂದ ಯಾವ ಗೂಟದವರೆಗೆ ಎಂಬುದು ಎಲ್ಲರಿಗೂ ಗೊತ್ತು. ಒಂದು ಪಾಲಿನಲ್ಲಿ ನೀರು ಸೋರಿದರೆ ಆ ಮನೆಯವರೇ ಮುಚ್ಚಬೇಕು, ಬೇರೆಯವರು ಕೈ ಹಾಕುವುದಿಲ್ಲ. ನೆರೆ ಬಂದು ಹರಿದರೆ ಮಾತ್ರ ಯಾರ ಪಾಲು ಎಂದು ನೋಡಲಿಕ್ಕಿಲ್ಲ, ಎಲ್ಲರೂ ಇಳಿಯಬೇಕು.

"ನೀವೊಂದು ಪಾಲು ತಗೊಳ್ಳಿ. ನಡುವಿನದ್ದು, ಆಳದ್ದು. ಆಗ ನೀವು ದಿನಾ ಹೋಗಿ ನೋಡ್ತೀರಿ. ನನಗೆ ಅಷ್ಟು ಸಾಕು."

ಕರಾರು ಬರೆಯುವವರು ನಷ್ಟವನ್ನು ಎದುರಿನವನ ತಲೆಗೆ ಕಟ್ಟುವುದನ್ನು ನಾನು ಅದುವರೆಗೆ ನೋಡಿದ್ದೆ. ನಷ್ಟ ಆಗದ ಹಾಗೆ ನೋಡಿಕೊಳ್ಳಬಲ್ಲವನಿಗೆ ಅದರ ಒಂದು ತುಂಡು ಕೊಟ್ಟು, ಯಾರ ಕೈಯಲ್ಲೂ ಇಲ್ಲದ್ದನ್ನು ಎಲ್ಲರೂ ಹಂಚಿಕೊಳ್ಳುವ ಕ್ರಮವನ್ನು ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಒಪ್ಪಿಕೊಂಡೆ. ಒಪ್ಪುವಾಗ ಕಣ್ಣು ತುಂಬಿ ಬಂತು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಅದನ್ನು ಮರೆಸಿದೆ.

ಒಪ್ಪದಿದ್ದವನು ಒಬ್ಬನೇ, ಹೊಳೆಬದಿಯ ಗೇಣಿದಾರ. ಹೊಸ ಕಣಿ ಅವನ ಬಸಳೆ ಚಪ್ಪರದ ಅಡಿಯಿಂದಲೇ ಹೋಗಬೇಕಿತ್ತು. "ಇವರ ಸೇತುವೆಗೆ ನನ್ನ ಬಸಳೆ ಯಾಕೆ ಸಾಯಬೇಕು?" ಎಂದ. ಚಪ್ಪರವನ್ನು ನನ್ನ ಆಳುಗಳೇ ಬೇರೆ ಕಡೆ ಹಾಕಿಕೊಡುತ್ತಾರೆ ಎಂದರೂ ಮುಖದ ಗಂಟು ಬಿಡಲಿಲ್ಲ. ಅಮ್ಮ ಹೇಳಿದರೆಂದು ಒಪ್ಪಿದ. ಮೇಲಾಗಿ ಕಟ್ಟದಲ್ಲಿ ಅವನ ಪಾಲು ಬಂದದ್ದು ನನ್ನ ಪಾಲಿನ ಪಕ್ಕದಲ್ಲೇ. ಅವನು ನನ್ನ ಜೊತೆ ಮಾತು ಬಿಟ್ಟ.

ಎಂಜಿನಿಯರು ಮೈಸೂರು ಕಡೆಯವರು, ಹೊಸಬರು. ಕಾಗದ ಮುಟ್ಟಿದ ಕೂಡಲೇ ಜೀಪಿನಲ್ಲಿ ಬಂದರು. ಪ್ಯಾಂಟು ಮಡಚಿ ಹೊಳೆಗಿಳಿದು, ನಾನು ಹೇಳಿದ ಜಾಗದಲ್ಲಿ ಕಬ್ಬಿಣದ ಸಲಾಕೆ ಇಳಿಸಿ ಮರಳು ಎಷ್ಟಿದೆ ನೋಡಿದರು. ಮರಳು ತೆಗೆದು ಗಟ್ಟಿ ಮಣ್ಣಿನವರೆಗೆ ಜೇಡಿ ತುಂಬಿಸಬೇಕು, ಹೆಚ್ಚಾದ ನೀರು ಹೋಗಲು ಬದಿಯಲ್ಲಿ ದಂಬೆ ಇಡಬೇಕು ಎಂದರು. ದಂಬೆಯೆಂದರೆ ತಿರುಳು ತೆಗೆದ ಮರದ ಕೊಳವೆ. ಆಮೇಲೆ ಒಂದು ಕಲ್ಲಿನ ಮೇಲೆ ಕೂತು, "ಕಟ್ಟ ಹೋಗಿ ಅಡಿಪಾಯ ಕೊಚ್ಚಿಕೊಂಡು ಹೋದ್ರೆ ನಷ್ಟ ಯಾರದ್ರೀ?" ಎಂದು ಕೇಳಿದರು.

ನಾನು ಅಮ್ಮ ಹೇಳಿದ ಕ್ರಮವನ್ನೇ ಹೇಳಿದೆ. ಅವರು ತಲೆದೂಗಿದರು. ಸ್ವಲ್ಪ ಯೋಚಿಸಿ ಕರಾರಿಗೊಂದು ಸೇರ್ಪಡೆ ಬರೆಸಿದರು. ಕಂಟ್ರಾಕ್ಟರನ ಪಾಲು ಅವನ ಅಜಾಗ್ರತೆಯಿಂದ ಸೋರಿ ಒಡೆದರೆ ನಷ್ಟ ಅವನದು, ಅಕಾಲದ ನೆರೆಯಿಂದ ಒಡೆದರೆ ಅಡಿಪಾಯದ ನಷ್ಟ ಇಲಾಖೆಯದು, ಅವಧಿಯನ್ನೂ ವಿಸ್ತರಿಸತಕ್ಕದ್ದು. ಜೊತೆಗೆ ಬಂದಿದ್ದ ಓವರ್ಸಿಯರು ಬೆವರು ಒರೆಸಿಕೊಳ್ಳುತ್ತ, "ಮೇಲಿನವರು ಒಪ್ಪುದಿಲ್ಲ ಸರ್" ಎಂದರು.

"ನಾನು ಸಹಿ ಹಾಕ್ತೀನಿ. ಒಪ್ಪದಿದ್ರೆ ನನ್ನನ್ನ ಕೇಳ್ತಾರೆ, ಇವರನ್ನಲ್ಲ. ಮಳೆ ಯಾವಾಗ ಬರುತ್ತೆ ಅಂತ ಇವರಿಗೇನು ಗೊತ್ತು?"

ಹೊಸದಾಗಿ ಬಂದ ಅಧಿಕಾರಿ, ಗುರುತಿಲ್ಲದ ಊರು, ಹೆಸರು ಕೆಡಿಸಿಕೊಳ್ಳುವ ದರ್ದು ಅವರಿಗೆ ಏನಿತ್ತು? ಆ ಸಹಿಯನ್ನು ನೆನೆದಾಗಲೆಲ್ಲ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಊರಿನ ದೈವಕ್ಕೆ ತೆಂಗಿನಕಾಯಿ ಇಟ್ಟು ಹೊಸ ಜಾಗದಲ್ಲಿ ಕಟ್ಟ ಎದ್ದಿತು. ನನ್ನ ಪಾಲಿಗೆ ನಾನೂ ಇಳಿದೆ. ಎರಡು ಸಾಲು ಗೂಟ, ಅವಕ್ಕೆ ಹೆಣೆದ ಬಿದಿರು, ನಡುವೆ ಒಂದು ಪದರ ಸೊಪ್ಪು, ಒಂದು ಪದರ ಜೇಡಿ, ಪ್ರತಿ ಪದರವನ್ನೂ ಕಾಲಿನಿಂದ ಮೆಟ್ಟಿ ಗಟ್ಟಿ ಮಾಡುವುದು. ನೀರು ಏರಿತು, ಹೊಸ ಕಣಿಯಲ್ಲಿ ಹರಿದು ಹಳೆಯ ಕಣಿ ಸೇರಿತು. ಬಯಲಿಗೆ ನೀರು ಮುಟ್ಟಿತು ಎಂದು ಒಬ್ಬ ಓಡಿ ಬಂದು ಹೇಳಿದಾಗ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕೆಳಗೆ ನನ್ನ ಗುಂಡಿಗಳಲ್ಲಿ ಉಳಿದದ್ದು ಬಕೆಟಿನಲ್ಲಿ ಎತ್ತಿ ಚೆಲ್ಲುವಷ್ಟು ನೀರು. ಎರಡೂ ದಂಡೆಯ ಗೋಡೆ ಕರಿಗಲ್ಲಿನಲ್ಲಿ ಎದ್ದವು. ಕೊನೆಗೆ ನಡುವಿನ ಕಂಬದ ಅಡಿಪಾಯಕ್ಕೆ ಕಾಂಕ್ರೀಟು ಹಾಕಿದೆವು. ಅಮ್ಮ ಹೇಳಿದ್ದು ನಿಜವಾಯಿತು, ದಿನಾ ಬೆಳಿಗ್ಗೆ ಮೊದಲು ನಾನು ಹೋಗುತ್ತಿದ್ದದ್ದು ಕಟ್ಟಕ್ಕೆ.

ಆ ಕಾಂಕ್ರೀಟು ಇನ್ನೂ ಹಸಿಯಿದ್ದಾಗಲೇ ಘಟ್ಟದ ಬದಿಯಲ್ಲಿ ಮಳೆ ಹೊಡೆಯಿತು. ಸಂಕ್ರಾಂತಿ ಕಳೆದ ಮೇಲೆ ಅಂಥ ಮಳೆಯನ್ನು ಯಾರೂ ಕಂಡಿರಲಿಲ್ಲ. ನಮ್ಮಲ್ಲಿ ಬಿದ್ದದ್ದು ನಾಲ್ಕು ಹನಿ, ಆದರೆ ಬೆಳಿಗ್ಗೆ ಹೊಳೆ ಕೆಂಪಾಗಿ ಏರಿ ಬಂತು. ದಂಬೆ ಸಾಲದೆ ನೀರು ಕಟ್ಟದ ತಲೆಯ ಮೇಲೆ ಹರಿಯತೊಡಗಿತು. ನೋಡನೋಡುತ್ತಿದ್ದಂತೆ ನಡುವಿನಲ್ಲಿ ಎರಡು ಗೂಟ ವಾಲಿ, ಒಂದು ಬುಟ್ಟಿ ತೂರುವಷ್ಟು ಬಾಯಿ ಬಿಟ್ಟಿತು. ನನ್ನ ಪಾಲು. ಬೇರೆ ಎಲ್ಲರದ್ದೂ ನಿಂತಿತ್ತು.

ನಾನೂ ನನ್ನ ಆಳುಗಳೂ ಇಳಿದು ಸೊಪ್ಪು, ಮಣ್ಣು, ಕೈಗೆ ಸಿಕ್ಕಿದ ಸಿಮೆಂಟು ಚೀಲ ಎಲ್ಲ ತುರುಕಿದೆವು. ತುರುಕಿದ್ದನ್ನು ನೀರು ಒಯ್ಯುತ್ತಿತ್ತು. ಊರವರು ಓಡಿ ಬಂದು ದಂಡೆಯ ಮೇಲೆ ಸಾಲಾಗಿ ನಿಂತರು. ಕೈಯಲ್ಲಿ ಹಾರೆ, ಬುಟ್ಟಿ ಉಂಟು, ಯಾರೂ ಇಳಿಯುವುದಿಲ್ಲ. ನನಗೆ ಅರ್ಥವಾಯಿತು. ನೆರೆ ಬಂದದ್ದು ಹೌದು. ಆದರೆ ಎಲ್ಲರದ್ದೂ ನಿಂತು ನನ್ನದೊಂದೇ ಹೋದರೆ ಅದು ನೆರೆಯೋ, ನನ್ನ ಕಟ್ಟುವಿಕೆಯ ದೋಷವೋ? ಸೋರಿ ಒಡೆದದ್ದಾದರೆ ಮುಚ್ಚಬೇಕಾದವನು ನಾನೇ, ಕಾಂಕ್ರೀಟಿನ ನಷ್ಟವೂ ನನ್ನದೇ, ಅಕ್ಕನ ಗದ್ದೆಯೂ ಹೋದ ಹಾಗೆ. ಅವರನ್ನು ಬೈಯಲು ನನಗೆ ಬಾಯಿ ಇರಲಿಲ್ಲ, ಆ ಕ್ರಮಕ್ಕೆ ನಾನೇ ಒಪ್ಪಿದ್ದೆ.

ಅಮ್ಮ ಛತ್ರಿ ಹಿಡಿದು ದಂಡೆಗೆ ಬಂದರು. ನನ್ನನ್ನು ಕೇಳಲಿಲ್ಲ. ಕೇಳಿದ್ದು ಪಕ್ಕದ ಪಾಲಿನವನನ್ನು, ಆ ಗೇಣಿದಾರನನ್ನು. "ನಿನ್ನೆ ಇವರ ಪಾಲು ಸೋರ್ತಿತ್ತಾ?"

ನಾನು ಎದೆಮಟ್ಟ ನೀರಿನಲ್ಲಿ ನಿಂತು ಅವನ ಮುಖ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. "ಸೋರ್ತಿತ್ತು" ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಅದು ಸುಳ್ಳೆನ್ನುವವರು ಯಾರೂ ಇರಲಿಲ್ಲ.

"ಇಲ್ಲ ಅಮ್ಮ. ನಿನ್ನೆ ಸಂಜೆ ಕೈಯಿಟ್ಟು ನೋಡಿದ್ದೇನೆ. ಒಣಗಿತ್ತು. ಇದು ನೆರೆಯದ್ದು" ಎಂದ.

ಅವನ ಮಾತು ಮುಗಿಯುವಷ್ಟರಲ್ಲಿ ದಂಡೆ ಖಾಲಿ. ಮೊದಲು ಹಾರಿದವನು ಅವನೇ. ದನದ ಹಟ್ಟಿಯ ಬಾಗಿಲೊಂದನ್ನು ಕಿತ್ತು ತಂದರು, ಅದನ್ನು ಒಡಕಿಗೆ ಅಡ್ಡ ಇಟ್ಟು ಹತ್ತು ಬೆನ್ನು ಒತ್ತಿ ಹಿಡಿದವು. ಹಿಂದಿನಿಂದ ಹೆಂಗಸರು ಸಾಲು ನಿಂತು ಮಣ್ಣು ದಾಟಿಸಿದರು. ಮಧ್ಯಾಹ್ನದ ಹೊತ್ತಿಗೆ ಬಾಯಿ ಮುಚ್ಚಿತು. ಕೆಳಗೆ ಹೋಗಿ ನೋಡಿದರೆ ಕಾಂಕ್ರೀಟಿನ ಮೇಲೆ ಅಂಗೈ ದಪ್ಪ ಕೆಸರು ಕೂತಿತ್ತು, ಒಂದು ಮೂಲೆ ತಿಂದುಹೋಗಿತ್ತು, ಉಳಿದದ್ದು ಗಟ್ಟಿ. ಆಮೇಲೆ ಎಂಜಿನಿಯರು ಬಂದು ಅದೇ ಪ್ರಶ್ನೆ ಕೇಳಿದಾಗಲೂ ಗೇಣಿದಾರ ಅದೇ ಮಾತು ಹೇಳಿದ. ಮೂಲೆಯ ರಿಪೇರಿ ಇಲಾಖೆಯ ಲೆಕ್ಕಕ್ಕೆ ಹೋಯಿತು.

ಅವನ ಕೈ ಹಿಡಿದುಕೊಂಡು ಏನೇನೋ ಹೇಳಲು ಹೊರಟೆ. ಅವನು ಕೈ ಬಿಡಿಸಿಕೊಂಡ. "ನಿಮಗೋಸ್ಕರ ಹೇಳಿದ್ದಲ್ಲ. ಒಣಗಿತ್ತು, ಒಣಗಿತ್ತು ಅಂದೆ. ಸೋರಿದ್ರೆ ಸೋರಿತ್ತು ಅಂತ ಹೇಳ್ತಿದ್ದೆ." ಸ್ವಲ್ಪ ದೂರ ಹೋಗಿ ತಿರುಗಿ, "ಬಸಳೆ ಚಪ್ಪರ ವಾಲಿದೆ. ಸರಿಯಾಗಿ ಹಾಕಿಸಿ" ಎಂದ. ಅವತ್ತೇ ನಾನೇ ಹೋಗಿ ಹಾಕಿದೆ.

ಸುಗ್ಗಿಯ ಪೈರು ಕೊಯ್ಲಾಯಿತು. ಸೇತುವೆಯ ಸ್ಲ್ಯಾಬು ಬಿದ್ದು, ಅದಕ್ಕೆ ನೀರು ಕಟ್ಟಿ ಹದಗೊಳಿಸಿ, ಮೊದಲ ಮಳೆಗೆ ಮೊದಲೇ ಬಸ್ಸು ದಾಟಿತು. ವಕೀಲರನ್ನು ಕರೆತಂದು ಅದರ ಮೇಲೆ ನಡೆಸಿದೆ. ಠೇವಣಿ ಕೈಗೆ ಬಂದ ದಿನವೇ ಸೊಸೈಟಿಗೆ ಕಟ್ಟಿ ಅಕ್ಕನ ಗದ್ದೆಯ ಪತ್ರ ಬಿಡಿಸಿ ಅವಳ ಕೈಗಿಟ್ಟೆ. ನಡೆದದ್ದೆಲ್ಲ ಹೇಳಿದಾಗ ಅವಳು ಆ ಗೇಣಿದಾರನ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡಳು.

ಮಳೆಗಾಲ ಕಳೆದ ಮೇಲೆ ಕಟ್ಟ ಮತ್ತೆ ಹಳೆಯ ಜಾಗಕ್ಕೇ ಹೋಗುವುದೆಂದು ತೀರ್ಮಾನವಾಗಿತ್ತು. ಸೇತುವೆ ಎದ್ದಾಗಿತ್ತು, ಅಲ್ಲಿ ನನಗೇನು ಕೆಲಸ? ಬೇರೊಂದು ಕಡೆ ಮೋರಿ ಕಟ್ಟಿಸುತ್ತಿದ್ದೆ. ಒಂದು ದಿನ ಆ ಗೇಣಿದಾರ ಬೆಳುವಾಯಿಯವರೆಗೆ ಹುಡುಕಿಕೊಂಡು ಬಂದ. ಅಕ್ಕ ಕೊಟ್ಟ ನೀರು ಕುಡಿದು, "ನಾಡಿದ್ದು ಕಟ್ಟಕ್ಕೆ ಗೂಟ ಹಾಕ್ತೇವೆ. ಅಮ್ಮ ಹೇಳಿ ಕಳಿಸಿದ್ದಾರೆ, ನಿಮ್ಮ ಪಾಲು ಹಾಗೇ ಇಟ್ಟಿದ್ದೇವೆ. ಆಳು ಕಳಿಸ್ತೀರಾ, ನೀವೇ ಬರ್ತೀರಾ?" ಎಂದ.

"ನನಗೆ ಅಲ್ಲಿ ಗದ್ದೆ ಇಲ್ವಲ್ಲ ಮಾರಾಯ" ಎಂದೆ.

"ಅದು ಗೊತ್ತುಂಟು" ಎಂದ ಅವನು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಒಳಗಿನಿಂದ, "ನಾವಿಬ್ಬರೂ ಬರ್ತೇವೆ ಅಂತ ಹೇಳಿ" ಎಂದಳು. ಗೂಟ ಇಳಿದು ಮಣ್ಣು ಹಾಕುವ ದಿನ ಬೆಳಿಗ್ಗೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊಳೆಗಿಳಿದಳು. ನನ್ನ ಪಾಲಿನ ಮೊದಲ ಬುಟ್ಟಿ ಮಣ್ಣನ್ನು ನನಗೆ ಕೊಡದೆ ತಾನೇ ಹಾಕಿದಳು.